ಮಹಬೂಬಿಯ ಭಟ್ಟಿಯ ಕೆಳಗೆ

ನಾನು ಒಂದು ಜಾಕ್. ಲಾರಿಯ ಟೈರು ಬದಲಿಸುವಾಗ ಅಡಿಯಲ್ಲಿ ಕೂರಿಸುತ್ತಾರಲ್ಲ, ಅದೇ ತಿರುಪಿನ ಜಾಕ್. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕೆಂಪಗೆ ಕರಗಿದ ಕಬ್ಬಿಣವಾಗಿ ಅಚ್ಚಿಗೆ ಬಿದ್ದೆ. ಹೊರಬಂದಾಗ ಎತ್ತರ ಒಂದು ಗೇಣು, ಗರ್ವ ಮಾತ್ರ ಮಾರುದ್ದ.

ಮೊದಲ ಯಜಮಾನ ಗದಗಿನ ಲಾರಿ ಚಾಲಕ. ಅವನ ಜೊತೆ ಗೂಡ್ಸ್ ಶೆಡ್ಡಿಗೆ ಹೋದಾಗ ಆ ಗರ್ವ ಇಳಿಯಿತು. ಅಲ್ಲಿ ಕ್ರೇನ್ ಕತ್ತು ಚಾಚಿ, ಕೊಕ್ಕೆ ಇಳಿಬಿಟ್ಟು, ಕಬ್ಬಿಣದ ತೊಲೆಗಳನ್ನು ಮೇಲಿನಿಂದ ಎತ್ತಿ ಬೇಕಾದ ಕಡೆ ತಿರುಗಿಸುತ್ತಿತ್ತು. ಫೋರ್ಕ್‌ಲಿಫ್ಟ್ ಮೂಟೆಗಳಡಿ ಎರಡೂ ಕೈ ತೂರಿಸಿ, ಹೊತ್ತುಕೊಂಡೇ ಗೋದಾಮಿನೊಳಗೆ ಓಡುತ್ತಿತ್ತು. ಚೈನ್ ಪುಲ್ಲಿಯಂತೂ ತೊಲೆಗೆ ಜೋತುಬಿದ್ದು, ಒಬ್ಬನೇ ಸರಪಳಿ ಎಳೆದರೂ ಲಾರಿಯ ಎಂಜಿನ್ನನ್ನೇ ಎತ್ತಿಬಿಡುತ್ತಿತ್ತು. ಎಂಥ ಸಾಮರ್ಥ್ಯ! ನಾನೋ, ಕೆಳಗೆ ಕೂತು ಬೆರಳಗಲ ಬೆರಳಗಲ ಮೇಲೆ ತಳ್ಳುವವನು. ಎತ್ತಿದ್ದನ್ನು ಎಲ್ಲಿಗೂ ಒಯ್ಯಲಾರೆ. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು.

ಲಾರಿ ಗುಜರಿಗೆ ಹೋದಾಗ ನನ್ನನ್ನು ಕೊಂಡವನು ಫಕ್ಕೀರಪ್ಪ ಮೇಸ್ತ್ರಿ. ತಗ್ಗಿಗೆ ಬಿದ್ದ ಕಟ್ಟಡಗಳನ್ನು ಎತ್ತರಿಸುವುದು ಅವನ ಕಸುಬು. ಬುಡ ಕೊರೆದು, ನನ್ನಂಥ ಜಾಕುಗಳನ್ನು ಸಾಲಾಗಿ ಕೂರಿಸಿ ಅವನು "ಹಾಂ" ಎಂದಾಗ ಎಲ್ಲರೂ ಒಟ್ಟಿಗೆ ಕಾಲು ಸುತ್ತು ತಿರುಗಿಸಬೇಕು. ಆಗ ಮೇಸ್ತ್ರಿಯ ಹೊರತು ಇನ್ನಾರೂ ಬಾಯಿ ಬಿಡುವಂತಿಲ್ಲ. ಬೇರೆ ದನಿ ಕೇಳಿ ಒಬ್ಬರ ಕೈ ತಪ್ಪಿದರೂ ಗೋಡೆ ಬಿರಿಯುತ್ತದೆ. ನನ್ನನ್ನು ತಿರುಗಿಸುತ್ತಿದ್ದವಳು ಅವನ ಹೆಂಡತಿ ದ್ಯಾಮವ್ವ. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವಳ ಕಾಲುಂಗುರ ಮತ್ತು ಜಡ್ಡುಗಟ್ಟಿದ ಅಂಗೈ.

ಒಮ್ಮೆ ಮಹಬೂಬಿಯ ಬೇಕರಿಗೆ ಹೋದೆವು. ರಸ್ತೆ ಎತ್ತರವಾಗಿ, ಮಳೆನೀರೆಲ್ಲ ಅವಳ ಭಟ್ಟಿಗೇ ನುಗ್ಗುತ್ತಿತ್ತು. ಅವಳ ಅಪ್ಪ ಕಟ್ಟಿದ ಇಟ್ಟಿಗೆ ಭಟ್ಟಿ ಅದು. ಒಡೆದರೆ ಬೇಕರಿಗೆ ಬೀಗವೇ.

"ಕ್ರೇನಿಗೆ ಹೇಳೂಣೇನ್ರಿ?" ಎಂದು ಕೇಳಿದಳು ಮಹಬೂಬಿ.

"ಕ್ರೇನ್ ಮ್ಯಾಲಿಂದ ಜಗ್ಗಿದ್ರ ಇಟ್ಟಂಗಿ ಉದುರಿ ಬೀಳ್ತಾವ್ರಿ ಅಕ್ಕಾರ. ಇದನ್ನ ಬುಡದಿಂದನ ಎತ್ತಬೇಕು," ಎಂದ ಮೇಸ್ತ್ರಿ.

ಆ ಮಾತಿಗೆ ನನ್ನ ಎದೆ ಉಬ್ಬಿತು.

ಭಟ್ಟಿ ಮೇಲೇಳತೊಡಗಿತು. ಇನ್ನೇನು ಮುಗಿಯಿತು ಎನ್ನುವಾಗ ನನ್ನ ಪಕ್ಕದ ಜಾಕಿನ ಕೆಳಗಿನ ನೆಲ ಕುಸಿಯಿತು. ಅದರ ಪಾಲಿನ ಭಾರವೂ ನನ್ನ ತಲೆಗೇ ಬಿದ್ದು ನನ್ನ ತಿರುಪು ಬಾಗಿತು. ಕೂಗೋಣವೆಂದರೆ ನನಗೆ ಬಾಯಿಲ್ಲ. ಮೇಸ್ತ್ರಿ ಭಟ್ಟಿಯ ಆಚೆ ಬದಿಯಲ್ಲಿದ್ದ, ಮತ್ತೊಂದು "ಹಾಂ" ಅನ್ನಲು ಸಿದ್ಧನಾಗಿದ್ದ. ನನ್ನ ಹಿಡಿ ಬಿಗಿದದ್ದು ದ್ಯಾಮವ್ವನ ಅಂಗೈಗೆ ಮಾತ್ರ ಗೊತ್ತಾಯಿತು.

"ನಿಂದರ್ರೀ! ಯಾರೂ ತಿರುವಬ್ಯಾಡ್ರಿ!"

ಕಟ್ಟಳೆ ಮುರಿದ ಆ ದನಿಗೆ ಎಲ್ಲ ಕೈಗಳೂ ನಿಂತವು. ಮೇಸ್ತ್ರಿ ಓಡಿ ಬಂದು ಬಗ್ಗಿ ನೋಡಿದ.

"ನೀ ಒದರದಿದ್ರ ಭಟ್ಟಿ ಹೋಗಿರತಿತ್ತು. ಇನ್ನ ಮ್ಯಾಲ ಹಾಂ ಅನ್ನೋದು ನಿಂದ ಕೆಲಸ," ಎಂದ.

"ಅದಿರ್ಲಿ, ಮದ್ಲ ಕಲ್ಲು ತರ್ರಿ," ಎಂದಳು ದ್ಯಾಮವ್ವ.

ಕುಸಿದಲ್ಲಿ ಕಲ್ಲು ಕೊಟ್ಟರು. ಭಟ್ಟಿ ಒಂದು ಬಿರುಕೂ ಬಿಡದೆ ಮೇಲೆ ನಿಂತಿತು. ಒಂದೊಂದೇ ಜಾಕ್ ಬಿಡಿಸಿ, ಆ ಜಾಗಕ್ಕೆ ಇಟ್ಟಿಗೆ ತುಂಬಿದರು. ತಿರುಪು ಬಾಗಿದ ನಾನು ಮಾತ್ರ ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

"ಇರ್ಲಿ ಬಿಡ್ರಿ, ಪಾಪ. ಬೆಚ್ಚಗ ಇರ್ತೈತಿ," ಎಂದಳು ಮಹಬೂಬಿ. ದ್ಯಾಮವ್ವ ಒಮ್ಮೆ ನನ್ನ ಮೈ ಸವರಿದಳು. ಆಮೇಲೆ ಸುತ್ತ ಗೋಡೆ ಎದ್ದಿತು.

ಈಗ ನನಗೆ ವಯಸ್ಸಾಗಿದೆ, ಮೈಯೆಲ್ಲ ತುಕ್ಕು. ಬೆಳಿಗ್ಗೆ ಭಟ್ಟಿ ಕಾದಾಗ ಹಿತವಾಗಿರುತ್ತದೆ. ಹೊರಗೆ ಕ್ರೇನ್ ಗುಡುಗುತ್ತಾ ಹೋದರೆ ನೆಲ ನಡುಗುತ್ತದೆ, ನಾನು ಮನಸ್ಸಿನಲ್ಲೇ ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಹೊಟ್ಟೆಕಿಚ್ಚು ಹೋಗಿದೆ. ಅದು ಎತ್ತಿದ್ದನ್ನೆಲ್ಲ ಇಳಿಸಿ ಹೋಗಬೇಕು. ನಾನು ಎತ್ತಿದ್ದನ್ನು ಇನ್ನೂ ಇಳಿಸಿಲ್ಲ.