ತಗದೈತೇನು?

ನನ್ನ ಗಂಡನಿಗೆ ಬುದ್ಧಿ ಕೆಟ್ಟಿದೆ ಎಂದು ನನಗೆ ಖಾತ್ರಿಯಾದದ್ದು, ಅವರು ಪೇರಲ ಗಿಡದ ಬುಡದಲ್ಲಿ ಮೊಣಕಾಲೂರಿ ರೈಲು ಹಳಿ ಜೋಡಿಸುತ್ತಿದ್ದುದನ್ನು ಕಂಡ ದಿನ. ಎಮ್ಮೆ ಹಿಂಡಿ ಬರುತ್ತಿದ್ದ ನಾನು ಹಾಲಿನ ಚರಿಗೆ ಹಿಡಿದುಕೊಂಡೇ ನಿಂತುಬಿಟ್ಟೆ. ನಮ್ಮೂರು ಚಿಮ್ಮಡದಲ್ಲಿ ನ್ಯಾಯ ಪಂಚಾಯಿತಿಗೆ ಕರೆಯುವ ಹಿರಿಯ ಮನುಷ್ಯ, ಧೋತರ ಮೇಲೆ ಕಟ್ಟಿಕೊಂಡು ಮಣ್ಣಲ್ಲಿ ಹೊರಳಾಡುತ್ತಿದ್ದರು.

"ಏನ್ರೀ ಇದು?"

"ರೈಲು."

"ಅದು ನನಗೂ ಕಾಣತೈತಿ. ನಮ್ಮ ಅಂಗಳದಾಗ ಯಾಕ ಅಂತ ಕೇಳಾಕತ್ತೇನಿ."

"ಕುಡಚಿ ರೈಲು ಬರ್ತೈತಿ ಬರ್ತೈತಿ ಅಂತ ನಮ್ಮಪ್ಪ ಕಾದ, ನಾ ಕಾದೆ. ಅಡಿಗಲ್ಲು ಹಾಕಿ ಹೋದಾರ, ರೈಲು ಇನ್ನೂ ಕಾಣವಲ್ದು. ನಾನ ತರ್ತೇನಿ ಈ ಊರಿಗೆ."

ಈ ಆಟದ ರೈಲಿನ ಪೆಟ್ಟಿಗೆಯನ್ನು ಕಳಿಸಿದವನು ಮಿರಜಿನ ಬಾಳಾಸಾಹೇಬ, ಇವರ ಅಕ್ಕನ ಮಗ. ಪುಣೆಯ ಯಾವನೋ ಶ್ರೀಮಂತ ಊರು ಬಿಡುವಾಗ ತನ್ನ ಕೈತೋಟದ ರೈಲನ್ನು ಮಾರಿದ್ದನಂತೆ. ಮಳೆ ಬಿಸಿಲಿಗೆ ಹೆದರದ ಹಿತ್ತಾಳೆ ಹಳಿ, ನನ್ನ ಮೊಣಕೈಯಷ್ಟುದ್ದದ ಕರಿ ಎಂಜಿನ್ನು, ಹಿಂದೆ ಕೆಂಪು ಡಬ್ಬಿಗಳು. ಖರೆ ಹೇಳಬೇಕೆಂದರೆ ನೋಡಲು ಚಂದವಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಇವರು ನನ್ನ ಅಡುಗೆಮನೆಯೊಳಗೂ ಹಳಿ ಹಾಸುತ್ತಾರೆ ಎಂದು ಸುಮ್ಮನಾದೆ.

ಮೊದಲು ಎರೆಮಣ್ಣಿನ ಮೇಲೆಯೇ ಹಳಿ ಇಟ್ಟರು. ಒಂದು ಮಳೆ ಬಿತ್ತು, ಕುಡಚಿ ರೈಲಿನ ಹಾದಿ ಅರ್ಧ ನೆಲದೊಳಗೆ ಹೋಯಿತು. ಆಮೇಲೆ ಗೇಣು ಆಳ ಅಗೆದು, ಗರಸು ತುಂಬಿ, ಬಡಿದು, ಮೇಲೆ ಸಣ್ಣ ಖಡಿ ಹರಡಿದರು. ಮಲ್ಲಿಗೆ ಕಂಟಿಯ ಸುತ್ತ ತಿರುವು ಬಿಗಿಯಾಗಿ, ಕೈಯಿಂದ ನೂಕಿ ನೋಡಿದರೆ ಎಂಜಿನ್ನು ಮಗ್ಗುಲಿಗೆ ಬೀಳಲು ಹತ್ತಿತು. ತಿರುವು ಅಗಲ ಮಾಡುವ ನೆವದಲ್ಲಿ ನನ್ನ ಮೆಂತೆ ಮಡಿ ಹೋಯಿತು. ಆ ದಿನ ಪಲ್ಯ ಕೇಳಿದಾಗ, ರೈಲು ತಿಂದಿದೆ ಎಂದೆ.

ಆಶ್ಚರ್ಯವೆಂದರೆ, ಸೊಸೆ ಗಂಗಾಂಬಿಕಾ ಈ ಹುಚ್ಚಾಟಕ್ಕೆ ಸೇರಿಕೊಂಡಳು. ಚಪ್ಪಲಿಯ ರಟ್ಟಿನ ಡಬ್ಬಿ ಕತ್ತರಿಸಿ, ಸುಣ್ಣ ಬಳಿದು, ಸ್ಟೇಷನ್ನು ಮಾಡಿ 'ಲೋಕಾಪುರ' ಎಂದು ಬರೆದು ಇಟ್ಟಳು. ಅದು ಅವಳ ತವರು. ಅದನ್ನು ಇಡುವಾಗ ಅವಳ ಮುಖದ ಮೇಲೆ ಒಂದು ಸಣ್ಣ ನಗು ಬಂದು ಹೋಯಿತು. ನಾಲ್ಕು ವರ್ಷದಲ್ಲಿ ನಾನು ಕಂಡಿರದ ನಗು ಅದು.

ನಾಲ್ಕು ವರ್ಷದ ಹಿಂದೆ ನಮ್ಮ ಮಗ ಸಿದ್ದಾರೂಢ ತೋಟದ ಬಾವಿಯ ಮೋಟಾರಿಗೆ ತಂತಿ ಕಟ್ಟುವಾಗ ಕರೆಂಟು ಹಿಡಿದು ಹೋದ. ಫ್ಯೂಜು ತೆಗೆಯದೆ ತಂತಿ ಮುಟ್ಟಿದ್ದ. ಅಷ್ಟು ಹುಷಾರಿನ ಹುಡುಗ ಅದು ಹೇಗೆ ಮರೆತ ಎಂದು ಊರೆಲ್ಲ ಆಡಿಕೊಂಡಿತು. ಗಂಗಾ ಮಾತ್ರ ತನಗೆ ಉತ್ತರ ಗೊತ್ತು ಎಂದುಕೊಂಡಿದ್ದಳು. ಆ ಮುಂಜಾನೆ ತವರಿಗೆ ಹೋಗುವ ವಿಷಯಕ್ಕೆ ಓಣಿಗೆಲ್ಲ ಕೇಳುವಂತೆ ಇಬ್ಬರಿಗೂ ಜಗಳವಾಗಿತ್ತು. "ಸಂಜೀ ತನಕ ಮಾರಿ ತೋರಸಬ್ಯಾಡ್ರಿ" ಎಂದು ಅವಳು ಅಂದಿದ್ದಳು, ಅವನು ರೊಟ್ಟಿ ಬಿಟ್ಟು ಎದ್ದು ಹೋಗಿದ್ದ. "ಸಿಟ್ಟಿನ್ಯಾಗ ಧ್ಯಾಸ ತಪ್ಪಿ ಮುಟ್ಯಾರ. ನನ್ನ ಬಾಯೇ ಅವರನ್ನ ತಿಂತ್ರೀ ಅತ್ತ್ಯಾರ" ಎನ್ನುತ್ತಿದ್ದಳು. ಗಂಡ ಹೆಂಡಿರ ಜಗಳಕ್ಕೆ ಜೀವ ಹೋಗುವುದಾದರೆ ನಾನು ಎಂದೋ ವಿಧವೆಯಾಗುತ್ತಿದ್ದೆ ಎಂದು ಬೈದು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಅಂದಿನಿಂದ ಅವಳು ಮನೆಯ ಒಂದು ಸ್ವಿಚ್ಚನ್ನೂ ಮುಟ್ಟಿಲ್ಲ. ಸಂಜೆ ದೀಪ ಹಾಕಲು ನಾನೇ ಏಳಬೇಕು.

ಹಾಗಿರುವಾಗ ಹಾಲೇಶ ಬಂದು, ಈ ರೈಲು ಓಡುವುದು ಹಳಿಯೊಳಗಿನ ಕರೆಂಟಿನಿಂದ ಎಂದಾಗ ನಾನು ಹಳಿಯಿಂದ ಹಿಂದೆ ಸರಿದೆ. ಹಾಲೇಶ ಬನಹಟ್ಟಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವವನು, ಸಿದ್ದಾರೂಢನ ಗೆಳೆಯ. ಬರಿ ಲೋಹ ನೆಲದ ಮೇಲೆ, ಅದರಲ್ಲಿ ಕರೆಂಟು, ಪಕ್ಕದಲ್ಲಿ ಗಂಗಾಳ ಬರಿಗಾಲು!

"ಹೆದರಬ್ಯಾಡ್ರೀ ಕಾಕೂ. ಪೆಟ್ಟಿಗ್ಯಾಗ ಟ್ರಾನ್ಸ್‌ಫಾರ್ಮರ್ ಐತಿ. ಹಳ್ಯಾಗ ಬರೂದು ಹದಿನೆಂಟ ವೋಲ್ಟು. ಹಿಡಕೊಂಡು ಕುಂತ್ರೂ ಏನೂ ಆಗಂಗಿಲ್ಲ."

"ಬ್ಯಾಡ" ಎಂದರು ಇವರು.

"ಕಾಕಾ, ಕಂಪನಿಯವರ ಹಂಗ ಮಾಡ್ಯಾರ..."

"ಹಳ್ಯಾಗ ಬ್ಯಾಡಂದ್ರ ಬ್ಯಾಡ. ಮತ್ತೇನೇನೈತಿ ಹೇಳು."

ಹಾಲೇಶ ತಲೆ ಕೆರೆದುಕೊಂಡ. ಸ್ಪಿರಿಟ್ ಉರಿಸಿ ನೀರು ಕಾಯಿಸುವ ಖರೆಖರೆ ಉಗಿ ಎಂಜಿನ್ನುಗಳೂ ಇವೆಯಂತೆ. ಆದರೆ ಸುಗ್ಗಿಯಲ್ಲಿ ಸುತ್ತೆಲ್ಲ ಕಬ್ಬಿನ ಒಣ ಎಲೆಯ ರವದಿ ಬಿದ್ದಿರುತ್ತದೆ, ಬೆಂಕಿಯ ಮಾತೇ ಬೇಡ ಎಂದೆ ನಾನು. ಕೀಲಿ ಕೊಟ್ಟು ಓಡಿಸುವುದು ಮಲ್ಲಿಗೆ ಕಂಟಿಯವರೆಗೂ ಬರುವುದಿಲ್ಲ. ಉಳಿದದ್ದು ಬ್ಯಾಟರಿ. ಎಂಜಿನ್ನಿಗೆ ಹಳಿಯಿಂದ ಬರುವ ತಂತಿ ಕಿತ್ತು, ಹಿಂದಿನ ಡಬ್ಬಿಯಲ್ಲಿ ಬ್ಯಾಟರಿ ಇಟ್ಟು, ಅಲ್ಲಿಂದ ಜೋಡಿಸಬೇಕು. ಕೆಲಸ ಹೆಚ್ಚು, ದಿನಾ ಚಾರ್ಜ್ ಮಾಡುವ ಕಾಟ ಬೇರೆ. ಒಂದು ಅನುಕೂಲವೆಂದರೆ, ಸಕ್ಕರೆ ಫ್ಯಾಕ್ಟರಿಯ ಕರಿ ಬೂದಿ ಅಂಗಳದ ತುಂಬ ಬೀಳುವ ನಮ್ಮ ಊರಿನಲ್ಲಿ, ಕರೆಂಟು ಹರಿಯಲೆಂದು ದಿನಾ ಹಳಿ ಒರೆಸುತ್ತ ಕೂರುವ ಕೆಲಸ ತಪ್ಪುತ್ತದೆ.

"ಬ್ಯಾಟರಿನ ಇರಲಿ. ಅದು ನಾ ಕೊಟ್ಟಾಗ ಅಷ್ಟ ಬರ್ತೈತಿ, ತನ್ನ ಮನಸ್ಸಿಗೆ ಬಂದಾಗ ಬರಂಗಿಲ್ಲ" ಎಂದರು ಇವರು. ಆ ಮಾತು ಹೇಳುವಾಗ ಅವರು ಗಂಗಾಳ ಕಡೆ ನೋಡಲಿಲ್ಲ. ಸೊಸೆಯ ಹೆದರಿಕೆಗೆ ಮರುಗಿ ಹೇಳುತ್ತಿದ್ದಾರೆ ಎಂದುಕೊಂಡು ನನಗೆ ಗಂಡನ ಮೇಲೆ ಪ್ರೀತಿಯೇ ಬಂತು.

ಬ್ಯಾಟರಿ ಚಾರ್ಜ್ ಮಾಡಲು ಪಡಸಾಲೆಯ ಕಂಬಕ್ಕೆ ಒಂದು ಪ್ಲಗ್ಗು ಬೇಕಾಗಿತ್ತು. ಮಧ್ಯಾಹ್ನ ಹಾಲೇಶ ಬಂದು ಹೊರಗೆ ಗೋಡೆಯ ಬುಡದಲ್ಲಿ ಅಂಗಾತ ಮಲಗಿ ಹಳೆಯ ತಂತಿಯ ತುದಿ ಬಿಚ್ಚುತ್ತಿದ್ದ. ಕರೆಂಟು ಇರಲಿಲ್ಲ. ಆ ಹೊತ್ತಿನಲ್ಲಿ ಅದು ಇರುವುದೇ ಇಲ್ಲ. ಇವರು ಪಡಸಾಲೆಯಲ್ಲಿ, ಫ್ಯೂಜಿನ ಡಬ್ಬಿಗೆ ಬೆನ್ನು ಮಾಡಿ, ಎಂಜಿನ್ನಿಗೆ ಎಣ್ಣೆ ಬಿಡುತ್ತಿದ್ದರು. ನಾನೂ ಗಂಗಾಳೂ ಹೊಸ್ತಿಲ ಬಳಿ ಕೂತು ಶೇಂಗಾ ಒಡೆಯುತ್ತಿದ್ದೆವು.

"ಕಾಕಾ, ತಗದೈತೇನ್ರಿ?" ಎಂದು ಹೊರಗಿನಿಂದ ಹಾಲೇಶ ಕೂಗಿದ.

"ತಗದೈತಿ" ಎಂದರು ಇವರು, ತಲೆ ಎತ್ತದೆ.

ಮರುಕ್ಷಣ ಅವರ ಕೈಯಿಂದ ಎಂಜಿನ್ನು ಕಳಚಿ ಬಿತ್ತು. "ಮುಟ್ಟಬ್ಯಾಡ! ಏ ಹಾಲ್ಯಾ, ಮುಟ್ಟಬ್ಯಾಡಲೇ!" ಎಂದು ಅವರು ಚೀರಿದ ದನಿಯನ್ನು ನಾನು ಆವರೆಗೆ ಕೇಳಿರಲಿಲ್ಲ. ಓಡಿಹೋಗಿ ಹಾಲೇಶನ ಕಾಲು ಹಿಡಿದು ದರದರ ಎಳೆದರು. ಅವನು ಎದ್ದು ಕೂತ, ತಲೆಯ ತುಂಬ ಮಣ್ಣು. ಏನೂ ಆಗಿರಲಿಲ್ಲ. ಕರೆಂಟೂ ಬಂದಿರಲಿಲ್ಲ.

"ಏನಾತ್ರೀ ಕಾಕಾ? ತಗದೈತಿ ಅಂದ್ರಲ್ಲಾ?"

"ಲೈನ್ ತಗದಾರ ಅಂದೆ. ಫ್ಯೂಜ್... ಫ್ಯೂಜ್ ತಗದಿಲ್ಲ. ನೀ ಫ್ಯೂಜ್ ಕೇಳಿದ್ದಿ."

ಅವರು ನೆಲಕ್ಕೆ ಕುಸಿದರು. ನಾನು ನೀರು ತರಲು ಎದ್ದೆ. ಆಗ ಅವರು ಯಾರಿಗೂ ಅಲ್ಲದಂತೆ ಅಂದರು:

"ಅಂವಾನೂ ಹಿಂಗ ಕೇಳಿದ್ದ."

ನಾನು ಅಲ್ಲೇ ನಿಂತೆ. ನಮ್ಮ ಕಡೆ ಊರಿನ ಕರೆಂಟು ನಿಲ್ಲಿಸಿದರೂ ತಗದೈತಿ, ಫ್ಯೂಜು ಕಿತ್ತರೂ ತಗದೈತಿ, ಬಾಗಿಲು ತೆರೆದಿದ್ದರೂ ತಗದೈತಿ. ದಿನಕ್ಕೆ ಎಷ್ಟು ಸಲ ನಾನೇ ಆಡುವ ಮಾತು.

"ಫ್ಯೂಜಿನ ಡಬ್ಬಿ ಮ್ಯಾಲ, ನನ್ನ ಹಂತೇಕ ಇತ್ತು. ಅಂವಾ ಕೆಳಗ, ಬಾವ್ಯಾಗ. 'ಅಪ್ಪಾ, ತಗದೈತೇನು?' ಅಂದ. ಆ ಹೊತ್ತಿಗೆ ಲೈನ್ ತಗದಿದ್ರು. 'ತಗದೈತಿ' ಅಂದೆ. ಸಂಜಿಗೆ ಬರೂ ಕರೆಂಟು ಅವತ್ತ ಮಧ್ಯಾಹ್ನಕ್ಕ ಬಂತು."

ಸಿಡಿಲು ಬಡಿದರೆ ಹೇಗಿರುತ್ತದೋ ನನಗೆ ಗೊತ್ತಿಲ್ಲ. ನನಗೆ ಆದದ್ದು ಇಷ್ಟು: ಕಿವಿ ಮುಚ್ಚಿಹೋಯಿತು, ಕೈಯಲ್ಲಿದ್ದ ಶೇಂಗಾ ಸಿಪ್ಪೆಯನ್ನು ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ. ಈ ಮನುಷ್ಯನ ಪಕ್ಕದಲ್ಲಿ ನಾನು ನಾಲ್ಕು ವರ್ಷ ಮಲಗಿದ್ದೆ. ಹಳಿಯ ಒಂದು ತುಂಡು ಎತ್ತಿ ಇವರ ತಲೆಯ ಮೇಲೆ ಬಡಿಯಬೇಕು ಎನ್ನಿಸಿತು. ತಲೆಯನ್ನು ಮಡಿಲಿಗೆ ಎಳೆದುಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

ಗಂಗಾ ಮೊದಲು ಬಾಯಿ ಬಿಟ್ಟಳು.

"ಅವರು ಕೇಳಿದ್ರಾ?"

ಇವರು ತಲೆಯಾಡಿಸಿದರು.

"ಕೇಳೀನ ಮುಟ್ಟಿದ್ರಾ? ಮರತಿರಲಿಲ್ಲಾ?"

"ಇಲ್ಲವ್ವಾ. ಅಂವಾ ಮರಿಲಿಲ್ಲ. ಹುಷಾರೀಲೆ ಕೇಳಿದ. ನಾ ಅರ್ಧಾ ಹೇಳಿದೆ."

ಅವಳ ಮುಖವನ್ನು ಹೇಗೆ ಹೇಳಲಿ? ಹಗುರಾದದ್ದೂ ಅದೇ, ಉರಿದದ್ದೂ ಅದೇ. "ಧ್ಯಾಸ ತಪ್ಪಿರಲಿಲ್ಲ" ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಆಮೇಲೆ ಎದ್ದು ಮಾವನ ಎದುರು ನಿಂತಳು. ಸೊಸೆಯಾಗಿ ಬಂದಾಗಿನಿಂದ ಅವರ ಮುಂದೆ ದನಿ ಎತ್ತಿದವಳಲ್ಲ.

"ನನ್ನ ಬಾಯಿಂದ ಗಂಡ ಸತ್ತ ಅಂತ ನಾ ದಿನಾ ಸಾಯಾಕತ್ತಿದ್ದೆ ಮಾವಾರ. ನಿಮಗ ಕಾಣತಿತ್ತು. ಎದುರಿಗೆ ಕುಂತು ನಾ ನೀಡಿದ್ದ ಉಂಡ್ರಿ. ಒಂದ ಮಾತು ಹೇಳಾಕ ಬರಲಿಲ್ಲೇನ್ರಿ?"

"ಹೇಳಿದ್ರ ನೀ ಮನಿ ಬಿಟ್ಟು ಹೊಕ್ಕಿ ಅಂತ ಅಂಜಿದೆ."

"ಇಲ್ಲಿದ್ದೂ ಎಲ್ಲಿ ಇದ್ದೆ ನಾ?"

ಹಾಲೇಶ ಸಾಮಾನು ಎತ್ತಿಕೊಂಡು ಯಾರಿಗೂ ಹೇಳದೆ ಹೋದ. ಗಂಗಾ ಒಳಗೆ ಹೋಗಿ ಚೀಲ ತುಂಬಿ, ಬಸ್ಸಿಗೆ ಹೊರಟಳು. ತಡೆಯಲು ನನಗೆ ಯಾವ ಬಾಯಿ ಇತ್ತು? ಅಂಗಳ ದಾಟುವಾಗ ಹಳಿಯ ಪಕ್ಕದ 'ಲೋಕಾಪುರ'ವನ್ನು ನೋಡಿದಳು, ಮುಟ್ಟಲಿಲ್ಲ. ಖರೆ ಲೋಕಾಪುರದ ಬಸ್ಸು ಹತ್ತಿದಳು.

ನಾನೂ ಗಂಡನೂ ಆ ದಿನಗಳನ್ನು ಹೇಗೆ ಕಳೆದೆವೋ ಗೊತ್ತಿಲ್ಲ. ರೊಟ್ಟಿ ಬಡಿದು ಮುಂದಿಡುತ್ತಿದ್ದೆ, ಮಾತಾಡುತ್ತಿರಲಿಲ್ಲ. ಒಂದು ಮುಂಜಾನೆ ಅವರು ಹಳಿ ಕೀಳಲು ಸನಿಕೆ ಹಿಡಿದು ಹೋದರು. ಆಗ ನನಗೆ ತಡೆಯಲಾಗಲಿಲ್ಲ.

"ಕಿತ್ತು ಮುಚ್ಚಾಕ ಹೊಂಟ್ರೇನು? ಮುಚ್ಚಿಟ್ಟದ್ದು ಸಾಲಲಿಲ್ಲೇನು ನಿಮಗ?"

ಇವರು ಸನಿಕೆ ಅಲ್ಲೇ ಬಿಟ್ಟು, ತಲೆಗೆ ಪಟಕಾ ಸುತ್ತಿಕೊಂಡು ಲೋಕಾಪುರಕ್ಕೆ ಹೋದರು. ಬೀಗರ ಮನೆಯಲ್ಲಿ, ಅವಳ ಅಪ್ಪ ಅವ್ವ ಅಣ್ಣಂದಿರ ಮುಂದೆ ನಿಂತು, ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದರಂತೆ. ಆಮೇಲೆ ಚಿಮ್ಮಡದ ಕಟ್ಟೆಯ ಮೇಲೂ ಹೇಳಿದರು. ನ್ಯಾಯ ಹೇಳುತ್ತಿದ್ದ ಜಾಗದಲ್ಲಿ ಕೂತು ತಮ್ಮ ತಪ್ಪು ಹೇಳಿದ್ದನ್ನು ಕೇಳಿ ಊರು ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಅವಳ ಜಗಳದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಕಬ್ಬು ಕಡಿಯುವುದು ಮುಗಿಯುವ ಹೊತ್ತಿಗೆ ಗಂಗಾ ಬಂದಳು. ಇರಲು ಬಂದಳೋ ನೋಡಿಹೋಗಲು ಬಂದಳೋ ನಾನು ಕೇಳಲಿಲ್ಲ. ಚೀಲವನ್ನು ಬಾಗಿಲ ಬಳಿಯೇ ಇಟ್ಟಳು.

"ರೈಲು ಓಡೇತೇನ್ರಿ?" ಎಂದು ನನ್ನನ್ನು ಕೇಳಿದಳು.

"ಎಲ್ಲಿ ಓಡ್ತೈತಿ? ಪ್ಲಗ್ಗ ಆಗಿಲ್ಲ."

ಮರುದಿನ ಅವಳೇ ಹಾಲೇಶನಿಗೆ ಹೇಳಿಕಳಿಸಿದಳು. ಅವನು ಬಂದು ಅದೇ ಗೋಡೆಯ ಬುಡದಲ್ಲಿ ಮಲಗಿದ. ಕರೆಂಟು ಇರಲಿಲ್ಲ. ಇವರು ಪಡಸಾಲೆಯಲ್ಲಿ ನಿಂತಿದ್ದರು, ಕೈ ಎಲ್ಲಿಡಬೇಕೆಂದು ತಿಳಿಯದೆ.

"ಕಾಕಾ, ತಗ..." ಎಂದು ಶುರುಮಾಡಿದ ಹಾಲೇಶ ನಾಲಿಗೆ ಕಚ್ಚಿಕೊಂಡ.

ಗಂಗಾ ಮಣೆ ತಂದು ಗೋಡೆಗೆ ಹಾಕಿ ಹತ್ತಿದಳು. ಫ್ಯೂಜಿನ ಡಬ್ಬಿ ತೆರೆದಳು. ಬಿಳಿ ಪಿಂಗಾಣಿಯ ತುಂಡನ್ನು ಹಿಡಿದು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಕಿತ್ತು ಬಂತು. ಇಳಿದು ಹೋಗಿ ಮಾವನ ಅಂಗೈಯಲ್ಲಿ ಇಟ್ಟು, ಅವರ ಬೆರಳು ಮಡಚಿದಳು.

"ಫ್ಯೂಜ್, ಮಾವಾರ. ನಾನ ತಗದೇನಿ. ಅವನಿಗೆ ಪೂರ್ತಿ ಹೇಳ್ರಿ."

ಇವರು ಮುಷ್ಟಿಯನ್ನು ಎದೆಗೆ ಹಿಡಿದುಕೊಂಡು, ಹೊರಗಿರುವವನಿಗೆ ಕೇಳುವಂತೆ ಕೂಗಿದರು.

"ಹಾಲೇಶಾ, ಲೈನ್ ಊರಾಗ ತಗದಾರ. ಫ್ಯೂಜ್ ನಮ್ಮ ಗಂಗಾ ತಗದಾಳ. ಅದು ನನ್ನ ಕೈಯಾಗ ಐತಿ. ಈಗ ಮುಟ್ಟು."