ಏಳನೇ ದಿನದ ಎಣಿಕೆ

ಕುಂಚದ ತುದಿಯಿಂದ ಮೂರನೇ ಸಲ ಮುಟ್ಟಿದಳು. ಗುಲಗಂಜಿ ಹುಳದ ಮರಿ ಕದಲಲಿಲ್ಲ. ಬೆನ್ನಿನ ಚರ್ಮ ಸೀಳಿ ಮುಂದಿನ ಎರಡು ಕಾಲು ಹೊರಗೆ ಬಂದಿದ್ದವು. ಮಿಕ್ಕ ದೇಹ, ಅಂಗಿ ಬಿಚ್ಚುವಾಗ ತಲೆ ಸಿಕ್ಕಿಕೊಂಡವರ ಹಾಗೆ, ಹಳೆಯ ಪೊರೆಯೊಳಗೇ ಉಳಿದಿತ್ತು. ಕಾಗದದ ಮೇಲೆ ಇನ್ನೊಂದು ಗೀಟು ಎಳೆದಳು. ಮೂವತ್ತರಲ್ಲಿ ಇಪ್ಪತ್ತಮೂರು ಸತ್ತಿದ್ದವು.

ಈ ತಟ್ಟೆಯವಕ್ಕೆ ಹೊಸ ಔಷಧ ಚಿಮುಕಿಸಿದ ಮೇವು, ಪಕ್ಕದ ತಟ್ಟೆಯವಕ್ಕೆ ಬರೀ ನೀರು ಚಿಮುಕಿಸಿದ್ದು. ಅಲ್ಲಿ ಒಂದೆರಡು ಬಿಟ್ಟರೆ ಎಲ್ಲವೂ ಪೊರೆ ಕಳಚಿ ಎಲೆಯ ಬೆನ್ನಿಗೆ ಅಂಟಿಕೊಂಡಿದ್ದವು.

ಆ ಪ್ರಯೋಗಾಲಯದಲ್ಲಿ ಎಲೆ ತಿನ್ನುವ ದುಂಬಿಯ ಮರಿಗಳಿಗೆ ‘ಅಳಿಯಂದಿರು’ ಎಂದು ಹೆಸರು. ಕೂತಲ್ಲೇ ತಿನ್ನುತ್ತಿದ್ದವು, ಎದ್ದು ಹೋಗುವ ಮಾತೇ ಇಲ್ಲ. ಆ ದುಂಬಿಯ ಮೊಟ್ಟೆಗಳನ್ನು ತಿಂದು ಮುಗಿಸುವ ಗುಲಗಂಜಿ ಹುಳದ ಮರಿಗಳು ‘ಅತ್ತೆಯರು’. ಹೊಸ ಔಷಧ ಕೊಲ್ಲಬೇಕಾದ್ದು ಅಳಿಯಂದಿರನ್ನು ಮಾತ್ರ. ಅತ್ತೆಯರಿಗೆ ಏನೂ ಆಗಬಾರದು.

ಅದು ವಿಷವಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಅಕ್ಕನಿಗೆ ಒಮ್ಮೆ ವಿವರಿಸಿದ್ದಳು. ಜೀವಕೋಶದೊಳಗೆ ಏನೇನು ತಯಾರಾಗಬೇಕೆಂದು ಚೀಟಿಗಳು ಓಡಾಡುತ್ತವೆ. ಆ ಒಂಟಿ ಎಳೆಯ ಚೀಟಿಯೇ ಆರ್‌ಎನ್‌ಎ. ಅಂಥದ್ದೊಂದನ್ನು ಎರಡೆಳೆ ಮಾಡಿ ಎಲೆಯ ಮೇಲೆ ಸಿಂಪಡಿಸುತ್ತಾರೆ. ಎರಡೆಳೆ ಕಂಡರೆ ಕೋಶದ ಕಾವಲಿಗೆ ವೈರಸ್ ನುಗ್ಗಿತೆಂಬ ಅನುಮಾನ. ಅದನ್ನು ಚೂರು ಮಾಡಿ, ಆ ಚೂರನ್ನೇ ಗುರುತಿಗೆ ಹಿಡಿದು, ಹೊಂದುವ ಚೀಟಿ ಎಲ್ಲಿ ಸಿಕ್ಕರೂ ಕತ್ತರಿಸುತ್ತ ಹೋಗುತ್ತದೆ, ಹುಳದ ಸ್ವಂತ ಚೀಟಿಗಳನ್ನೂ. ಬೇಕಾದ ಪ್ರೋಟೀನ್ ತಯಾರಾಗುವುದು ನಿಂತು ಹುಳ ಸಾಯುತ್ತದೆ. ನಿಧಾನವಾಗಿ.

“ಅಂದ್ರೆ ಮನೆ ಕಾಯೋನ ಕೈಲೇ ಮನೆ ಮುರಿಸೋದು,” ಎಂದಿದ್ದಳು ಅಕ್ಕ. “ಮುರೀಲಿ ಬಿಡು. ಇನ್ನೊಬ್ರ ಮೂಗಾದ್ರೂ ಉಳಿಯುತ್ತಲ್ಲ.”

ಅಕ್ಕ ಹದಿನಾಲ್ಕು ವರ್ಷ ತೋಟದ ಗಾಜಿನ ಮನೆಗಳಲ್ಲಿ ಹಳೆಯ ವಿಷ ಹೊಡೆದವಳು. ಈಗ ಅವಳಿಗೆ ವಾಸನೆ ತಿಳಿಯದು. ಹಾಲು ಸೀದು ಪಾತ್ರೆ ಕರಕಲಾಗುತ್ತಿದ್ದರೂ ಪಕ್ಕದಲ್ಲೇ ನಿಂತು ಬಟ್ಟೆ ಮಡಚುತ್ತಿರುತ್ತಾಳೆ. ಹೊಸ ಔಷಧ ಬೇಗ ಬರಲೆಂದು ತಂಗಿಯಷ್ಟು ಬಯಸಿದವರು ಆ ಕಟ್ಟಡದಲ್ಲಿ ಬೇರೆ ಯಾರೂ ಇರಲಿಲ್ಲ.

ಎಣಿಕೆ ಏಳನೇ ದಿನ ಎಂಬುದು ನಿಯಮ. ಕುಂಚದಿಂದ ಮೂರು ಸಲ ಮುಟ್ಟಿದಾಗ ಅಲುಗಿದರೆ ಜೀವಂತ. ಎಣಿಸಿದ ಕೂಡಲೇ ತಟ್ಟೆಗಳಿಗೆ ಕುದಿನೀರು. ಎರಡೇ ದಿನದಲ್ಲಿ ಕೊಲ್ಲುತ್ತಿದ್ದ ಹಳೆಯ ವಿಷಗಳ ಕಾಲದ ನಿಯಮ ಅದು, ಯಾರೂ ತಿದ್ದಿರಲಿಲ್ಲ. ಹೋದ ತಿಂಗಳು ಎಣಿಸಿದ ಸಂಜೆಯೇ ಅವಳಿಗೆ ಜ್ವರ ಬಂದು ತಟ್ಟೆಗಳು ತೊಳೆಯದೆ ಉಳಿದವು. ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಅತ್ತೆಯರು ಹೀಗೇ ಪೊರೆಯಲ್ಲಿ ಸಿಕ್ಕಿ ಸತ್ತಿದ್ದರು. ಹಸಿವಿನಿಂದ ಇರಬೇಕು ಎಂದಿದ್ದರು ಮುಖ್ಯಸ್ಥರು. ಅದಕ್ಕೇ ಈ ಸಲ ಏಳನೇ ದಿನ ಎಣಿಸಿದ ಮೇಲೂ ಅತ್ತೆಯರ ತಟ್ಟೆಗಳನ್ನು ತೊಳೆಯದೆ ಇಟ್ಟುಕೊಂಡು, ದಿನಕ್ಕೆರಡು ಬಾರಿ ತಾನೇ ಮೇವು ಹಾಕಿದ್ದಳು. ಇವತ್ತು ಹನ್ನೊಂದನೇ ದಿನ.

ಮುಖ್ಯಸ್ಥರು ಸ್ಟೂಲು ಎಳೆದುಕೊಂಡು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಕೆಟ್ಟವರಲ್ಲ, ಜ್ವರದ ದಿನ ಅವಳನ್ನು ಮನೆಗೆ ಮುಟ್ಟಿಸಿದವರು ಅವರೇ. ಪ್ರಮಾಣ ಕಡಿಮೆ ಮಾಡಿ ಮುಂದಿನ ವರ್ಷ ಮತ್ತೆ ನೋಡೋಣ ಎಂದರು. ನಾಳೆ ವರದಿ ಹೋಗದಿದ್ದರೆ ಈ ಬೆಳೆಗೆ ಅನುಮತಿ ತಪ್ಪುತ್ತದೆ, ತೋಟದವರು ಮತ್ತೆ ಹಳೆಯ ವಿಷವನ್ನೇ ಹೊಡೆಯುತ್ತಾರೆ ಎಂದರು. ಅದು ನಿಜವೆಂದು ಅವಳಿಗೂ ಗೊತ್ತಿತ್ತು.

“ಏಳನೇ ದಿನ ಅತ್ತೆಯರು ಎಷ್ಟು ಜನ ಇದ್ರು?”

“ಮೂವತ್ತೂ ಇದ್ರು.”

“ಅಷ್ಟೇ ಬರಿ. ಸುಳ್ಳು ಬರಿ ಅಂತ ನಾನೇನಾದ್ರೂ ಹೇಳಿದ್ನಾ?”

ಏಳನೇ ದಿನದ ಹಾಳೆಯನ್ನು ಮುಂದಿಟ್ಟರು. ಎಣಿಸಿದವರ ಸಹಿಯಿಲ್ಲದೆ ಅದು ಹೋಗುವಂತಿರಲಿಲ್ಲ. ಅದರ ಕೆಳಗೆ ಇನ್ನೊಂದು ಹಾಳೆ: ಆರು ವರ್ಷದಿಂದ ಹಂಗಾಮಿಯಾಗಿದ್ದ ಅವಳ ಕೆಲಸ ಕಾಯಂ ಆದ ಪತ್ರ. ಪೆನ್ನಿನ ಮುಚ್ಚಳವನ್ನು ಅವರೇ ತೆಗೆದು ಹಿಡಿದರು.

“ನಿಮ್ಮಕ್ಕನ್ನ ಒಂದ್ಸಲ ನೆನೆಸ್ಕೊಳಮ್ಮ.”

ನೆನೆಸಿಕೊಳ್ಳದೆ ಅವಳು ಕುಂಚ ಹಿಡಿದ ದಿನವೇ ಇರಲಿಲ್ಲ. ನೀರಿನ ತಟ್ಟೆಯಲ್ಲಿ ಕೊನೆಯ ಹುಳವೊಂದು ಪೊರೆಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಅದು ಪೂರ್ತಿ ಹೊರಬರುವವರೆಗೂ ನೋಡುತ್ತ ನಿಂತಳು. ಪೆನ್ನು ಹಿಡಿದ ಅವರ ಕೈ ಹಾಗೇ ಚಾಚಿತ್ತು. ಕುಂಚವನ್ನು ಒರೆಸಿ ಅದರ ಜಾಗದಲ್ಲಿಟ್ಟಳು.

“ಹಾಕಲ್ಲ,” ಎಂದಳು.