ಅತ್ತೆಗೆ ಮೊದಲ ತುತ್ತು

"ಬಾಯಿ ತೆರೀರಿ ಅತ್ತೆ. ನೀವು ಬದುಕಿದರೆ ನಮಗೆ ಊಟ, ಸತ್ತರೆ ಊರಿಗೆಲ್ಲ ಬೊಜ್ಜದ ತಿಥಿಯೂಟ!"

ಶಶಿಪ್ರಭಾ ಅಣಬೆ ಗಸಿಯಲ್ಲಿ ಅದ್ದಿದ ನೀರುದೋಸೆಯ ತುಂಡನ್ನು ಮುಂದೆ ಹಿಡಿದಳು. ಅತ್ತೆ ಅದನ್ನು ಗಬಕ್ಕನೆ ನುಂಗಿ, "ನಾನು ಅಷ್ಟು ಸುಲಭದಲ್ಲಿ ಸಾಯುವ ಜನ ಅಲ್ಲ, ನೀನು ಪಾತ್ರೆ ತೊಳಿ" ಎಂದರು. ಮೊಬೈಲ್ ಹಿಡಿದಿದ್ದ ಗಂಡ ಶೋಧನ್ ನಗು ತಡೆಯಲಾರದೆ ವಿಡಿಯೋವನ್ನೇ ಅಲುಗಾಡಿಸಿಬಿಟ್ಟ.

ಫರಂಗಿಪೇಟೆಯ ಆ ಅಡುಗೆಮನೆಯ ತಮಾಷೆ ದುಬೈಯವರೆಗೂ ಹೋಯಿತು. ಅಡುಗೆ ಯಾವುದಾದರೂ ಮೊದಲ ತುತ್ತು ಅತ್ತೆಗೇ. ಬಸ್ಸಿನಲ್ಲಿ ಗುರುತಿಲ್ಲದವರೂ "ಅತ್ತೆ ಇದ್ದಾರಾ, ಹೋದರಾ?" ಎಂದು ಕೇಳಿ ನಗುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಶಶಿಪ್ರಭಾ ಉಬ್ಬಿಹೋಗಿದ್ದಳು. ಆ ಅಣಬೆಯನ್ನು ಗುಡ್ಡೆಯಲ್ಲಿ ನೋಡಿ ನೋಡಿ ಆರಿಸಿ ತಂದವರೇ ಅತ್ತೆ. ಅದೊಂದು ಮಾತ್ರ ವಿಡಿಯೋದಲ್ಲಿ ಇರಲಿಲ್ಲ.

ಆ ವಿಡಿಯೋದ ಕೆಳಗೆ ಕಕ್ಕಿಂಜೆಯ ಸುರಕ್ಷಾ ಎಂಬವಳು ಬರೆದಿದ್ದಳು: "ಅಕ್ಕಾ, ನಾನೂ ಅಣಬೆ ಮಾಡಿ ಮೊದಲು ಅತ್ತೆಗೇ ಕೊಟ್ಟೆ. ಏನೂ ಆಗಲಿಲ್ಲ."

ಜನ ಬಿದ್ದು ಬಿದ್ದು ನಕ್ಕಿದ್ದರು. ಶಶಿಪ್ರಭಾಳೂ ನಗುತ್ತಾ, "ಹಾಗಾದರೆ ಇನ್ನೊಂದು ತುತ್ತು ಕೊಡು ಮಾರಾಯ್ತಿ" ಎಂದು ಉತ್ತರ ಹಾಕಿದಳು.

ಕೆಲವು ದಿನ ಕಳೆದು ಸುರಕ್ಷಾಳದೇ ಮತ್ತೊಂದು ಕಾಮೆಂಟ್ ಬಂತು. "ನೀವು ಹೇಳಿದ ಹಾಗೆ ಇನ್ನೊಂದು ಕೊಟ್ಟೆ ಅಕ್ಕಾ. ಬೇರೆ ಜಾತಿಯ ಅಣಬೆ. ಅತ್ತೆ ಈಗ ಏಳುವುದೇ ಇಲ್ಲ." ಅದರ ಕೆಳಗೂ ನಗುವ ಮುಖಗಳ ಸಾಲು.

ಶಶಿಪ್ರಭಾ ಮೊಬೈಲನ್ನು ಗಂಡನ ಮುಂದೆ ಹಿಡಿದಳು.

"ತಮಾಷೆ ಮಾಡ್ತಾಳೆ, ನಿನ್ನ ಹಾಗೆಯೇ" ಎಂದ ಶೋಧನ್.

"ನಮ್ಮ ಅತ್ತೆ ನನ್ನ ಪಕ್ಕದಲ್ಲಿ ಕೂತು ನಗ್ತಾರೆ. ಅವಳ ಅತ್ತೆಯನ್ನು ಕಂಡವರು ಯಾರುಂಟು?"

ಅವಳು ಸುರಕ್ಷಾಳಿಗೆ ಮೆಸೇಜ್ ಹಾಕಿ ವಿಚಾರಿಸಿದಳು. ಮನೆಯ ದಾರಿ ಹೇಳಿ, "ಒಮ್ಮೆ ಬನ್ನಿ ಅಕ್ಕಾ" ಎಂದಷ್ಟೇ ಉತ್ತರ ಬಂತು.

"ಹೋಗಿ ನೋಡಿ ಬರುವ. ನನಗೆ ಅನ್ನ ಇಳಿಯುವುದಿಲ್ಲ" ಎಂದಳು ಶಶಿಪ್ರಭಾ.

ಗಂಡ ಹೆಂಡತಿ ಕಕ್ಕಿಂಜೆಯ ಆ ಮನೆಯಂಗಳಕ್ಕೆ ಕಾಲಿಟ್ಟದ್ದೇ, ಸುರಕ್ಷಾ ಶಶಿಪ್ರಭಾಳ ಕೈ ಹಿಡಿದು ಕುಣಿದೇಬಿಟ್ಟಳು. ಸೆಲ್ಫಿ ತೆಗೆದಳು, ಕುರ್ಚಿ ಒರೆಸಿದಳು, ಶರಬತ್ತು ತಂದಳು.

"ಅತ್ತೆ ಎಲ್ಲಿ?"

"ಒಳಗೆ ಮಲಗಿದ್ದಾರೆ. ಎರಡು ದಿನದಿಂದ ವಾಂತಿ."

"ಡಾಕ್ಟರಿಗೆ ತೋರಿಸಿದ್ದೀಯಾ?"

"ಗ್ಯಾಸ್ಟ್ರಿಕ್ ಅಷ್ಟೇ ಅಕ್ಕಾ. ಇವರು ಊರಲ್ಲಿಲ್ಲ. ಒಬ್ಬಳೇ ಎಲ್ಲಿಗೆ ಓಡಲಿ?" ಅವಳ ಮುಖದ ನಗು ಒಂದಿಷ್ಟೂ ಮಾಸಿರಲಿಲ್ಲ. ಇವಳು ಪೆದ್ದಿಯೋ ಪಾಪಿಯೋ ಎಂದು ಶಶಿಪ್ರಭಾಳಿಗೆ ತಿಳಿಯಲಿಲ್ಲ. ಅದನ್ನು ಯೋಚಿಸುತ್ತಾ ನಿಲ್ಲುವ ಹೊತ್ತೂ ಅದಲ್ಲ.

"ರಿಕ್ಷಾ ತನ್ನಿ, ಬೇಗ!" ಎಂದು ಗಂಡನನ್ನು ಓಡಿಸಿ, ಅವಳು ಒಂದು ಲೋಟ ನೀರು ಹಿಡಿದು ಒಳಗೆ ಹೋದಳು.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಮುದುಕಿ ಮಂಚದಲ್ಲಿ ಗೋಡೆಗೆ ಒರಗಿ ಬಿದ್ದಿದ್ದರು. ತುಟಿ ಒಣಗಿ ಬಿರಿದಿತ್ತು. ಶಶಿಪ್ರಭಾ ಪಕ್ಕದಲ್ಲಿ ಕೂತು ಲೋಟವನ್ನು ಮುಂದೆ ಹಿಡಿದಳು.

"ನೀರು ಅಮ್ಮ. ಒಂದು ಗುಟುಕು ಕುಡಿಯಿರಿ. ಈಗ ಆಸ್ಪತ್ರೆಗೆ ಹೋಗುವ."

ಮುದುಕಿ ಕಣ್ಣು ತೆರೆದರು. ಸೊಸೆ ದಿನವೂ ಮುಖದ ಮುಂದೆ ಹಿಡಿಯುತ್ತಿದ್ದ ಮೊಬೈಲಿನ ಹೆಂಗಸು ಮಂಚದ ಮೇಲೆಯೇ ಬಂದು ಕೂತಿದ್ದಳು. ಅವರ ಗಂಟಲಿನಿಂದ ಸಣ್ಣದೊಂದು ಸ್ವರ ಹೊರಟಿತು.

"ಅಕ್ಕಾ, ಆ ಡೈಲಾಗ್ ಒಮ್ಮೆ ಹೇಳಿ!" ಬಾಗಿಲಲ್ಲಿ ಸುರಕ್ಷಾ ಮೊಬೈಲ್ ಎತ್ತಿ ನಿಂತಿದ್ದಳು.

ಮುದುಕಿ ಎರಡೂ ಕೈಗಳಿಂದ ಸೆರಗನ್ನು ಎಳೆದು, ಬಾಯಿಗೆ ಬಿಗಿಯಾಗಿ ಒತ್ತಿ ಹಿಡಿದುಕೊಂಡರು.